ಗುಂಯ್ ಸದ್ದು ನಿಲ್ಲಲಿ ಅಂತ ಅರ್ತ್ ಪಿನ್ ಕೀಳಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಹವ್ಯಾಸಕ್ಕೆ ಬೇಸ್ ಗಿಟಾರ್ ನುಡಿಸೋನು, ಹೊಟ್ಟೆಪಾಡು ಬೇರೆ ಇದೆ. ವಾರಕ್ಕೆ ಎರಡು ಸಂಜೆ ಪ್ರಾಕ್ಟೀಸು, ಆಗಾಗ ಸಣ್ಣ ಪುಟ್ಟ ಕಾರ್ಯಕ್ರಮ, ಹನ್ನೊಂದು ವರ್ಷದಿಂದ ಇದೇ ನಡೀತಾ ಇದೆ. ಇವತ್ತು ಬರೀತಿರೋದು ಒಂದೇ ಒಂದು ವಿಷಯಕ್ಕೆ, ಆದ್ರೆ ಅದನ್ನ ಸರಿಯಾಗಿ ಹೇಳೋಕೆ ಸ್ವಲ್ಪ ಜಾಗ ಬೇಕು, ದಯವಿಟ್ಟು ಪೂರ್ತಿ ಹಾಕಿ.

ಹೋದ ತಿಂಗಳು ಒಂದು ಕಾರ್ಯಕ್ರಮದಲ್ಲಿ ಸೌಂಡ್ ಚೆಕ್ ಮಾಡ್ತಿದ್ವಿ. ನನ್ನ ಆಂಪ್‌ನ (ಬೇಸ್ ಸದ್ದು ಜೋರು ಮಾಡೋ ಆಂಪ್ಲಿಫೈಯರ್) ಹಿಂದಿರೋ ಡಿಐ ಔಟ್‌ನಿಂದ, ಅಂದ್ರೆ ಬೇಸ್ ಸಿಗ್ನಲ್ಲನ್ನ ನೇರ ಹೊರಗೆ ಕೊಡೋ ತೂತಿನಿಂದ, ಎಲ್ಲರ ಸದ್ದನ್ನೂ ಕೂಡಿಸೋ ಮಿಕ್ಸರ್‌ಗೆ ಕೇಬಲ್ ಹಾಕಿದ ತಕ್ಷಣ ಎಲ್ಲಾ ಸ್ಪೀಕರ್‌ನಲ್ಲೂ ಗುಂಯ್ ಅಂತ ಶುರುವಾಯ್ತು. ಸೌಂಡ್ ನೋಡ್ಕೊಳ್ತಿದ್ದ ಹುಡುಗ ಓಡಿ ಬಂದ, ನನ್ನ ಆಂಪ್‌ನ ಮೂರು ಪಿನ್ನಿನ ಪ್ಲಗ್ ಕಿತ್ತು ಅದಕ್ಕೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ, ಅಂದ್ರೆ ಮೂರನೇ ಅರ್ತ್ ಪಿನ್ ಎಲ್ಲೂ ಸೇರದ ಹಾಗೆ ಮಾಡಿ, ಮತ್ತೆ ಹಾಕಿದ. ಸದ್ದು ಟಕ್ ಅಂತ ನಿಂತೋಯ್ತು. ಎಲ್ರೂ ಭೇಷ್ ಅಂದ್ರು, ಟೈಮ್ ಆಗಿತ್ತಲ್ಲ, ನಾನೂ ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಅರ್ಧ ಕಾರ್ಯಕ್ರಮ ಮುಗಿದಿತ್ತು, ಯಾರೋ ಆ ಡಿಐ ಕೇಬಲ್ ತುಳಿದು ಅದು ಕೆಟ್ಟೋಯ್ತು, ಹುಡುಗ ಅದನ್ನ ಕಿತ್ತು ಹಾಕಿ ನನ್ನ ಸ್ಪೀಕರ್ ಬಾಕ್ಸ್ ಮುಂದೆ ಒಂದು ಮೈಕ್ ಇಟ್ಟ. ಮುಂದಿನ ಹಾಡಲ್ಲಿ ಕೋರಸ್ ಹೇಳೋಣ ಅಂತ ಬೇಸ್ ತಂತಿ ಹಿಡಿದುಕೊಂಡೇ ಮೈಕ್ ಹತ್ರ ಹೋದೆ, ತುಟಿಗೆ ಚುಳ್ ಅಂತು. ಕೈಯಿಂದ ಬಾಯಿವರೆಗೆ ಜುಮ್ ಅಂದಿದ್ದು ಇವತ್ತಿಗೂ ನೆನಪಿದೆ. ಹಾಡೋದು ಬಿಟ್ಟು ಹಿಂದೆ ಸರಿದು ನಿಂತೆ, ಮನೆಗೆ ಹೋದ ಮೇಲೂ ನಿದ್ದೆ ಬರಲಿಲ್ಲ.

ಯಾಕೆ ಹಾಗಾಯ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಿಲ್ಲದೇ ಇರೋರೇ ಜಾಸ್ತಿ. ಬೇಸ್ ಆಗಲಿ ಎಲೆಕ್ಟ್ರಿಕ್ ಗಿಟಾರ್ ಆಗಲಿ, ತಂತಿಗಳು ಕೂತಿರೋ ಬ್ರಿಡ್ಜ್ ಕೆಳಗೆ ಒಂದು ಸಣ್ಣ ವೈರ್ ಇರುತ್ತೆ, ಅದು ಒಳಗಿನ ಗ್ರೌಂಡ್‌ಗೆ ಹೋಗಿ ಅಲ್ಲಿಂದ ಕೇಬಲ್ ಮೂಲಕ ಆಂಪ್‌ನ ಚಾಸಿಗೆ, ಅಂದ್ರೆ ಲೋಹದ ಚೌಕಟ್ಟಿಗೆ, ಸೇರುತ್ತೆ. ಬ್ಯಾಟರಿಯಲ್ಲಿ ನಡೆಯೋ ಕೆಲವು ಆಕ್ಟಿವ್ ಪಿಕಪ್‌ಗಳಲ್ಲಿ (ಪಿಕಪ್ ಅಂದ್ರೆ ತಂತಿ ಅದುರೋದನ್ನ ಸಿಗ್ನಲ್ ಮಾಡೋ ಭಾಗ) ಈ ವೈರ್ ಇರಲ್ಲ, ಮಿಕ್ಕ ಹೆಚ್ಚಿನ ವಾದ್ಯಗಳಲ್ಲಿ ಇದ್ದೇ ಇರುತ್ತೆ. ಅಂದ್ರೆ ನಾನು ತಂತಿ ಮುಟ್ಟಿದೆ ಅಂದ್ರೆ ಆಂಪ್‌ನ ಚಾಸಿನೇ ಮುಟ್ಟಿದ ಹಾಗೆ. ಅತ್ತ ಮೈಕ್‌ನ ಜಾಲರಿ ಮಿಕ್ಸರ್ ಮೂಲಕ ಅರ್ತ್‌ಗೆ ಸೇರಿರುತ್ತೆ. ಎರಡೂ ಕಡೆ ಅರ್ತ್ ಸರಿ ಇದ್ರೆ ನಡುವೆ ವೋಲ್ಟೇಜ್ ಇರಲ್ಲ, ಏನೂ ಆಗಲ್ಲ. ಒಂದು ಕಡೆ ಅರ್ತ್ ತೆಗೆದ್ರೆ ಆ ಚಾಸಿ ಎತ್ತಲೂ ಸೇರದೆ ತೇಲ್ತಾ ಇರುತ್ತೆ, ಆಂಪ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರೋ ಸಣ್ಣ ಕರೆಂಟು ಅದಕ್ಕೆ ಏರಿರುತ್ತೆ. ಆವತ್ತು ಮೊದಲರ್ಧದಲ್ಲಿ ಡಿಐ ಕೇಬಲ್‌ನ ಶೀಲ್ಡ್, ಅದೇ ಆ ಹೊರಗಿನ ತೆಳ್ಳನೆ ಬಲೆ, ಹೇಗೋ ಅರ್ತ್ ಕೆಲಸ ಮಾಡ್ತಾ ನನ್ನನ್ನ ಕಾಯ್ತಾ ಇತ್ತು. ಕೇಬಲ್ ಕಿತ್ತ ಮೇಲೆ ಅದೂ ಇಲ್ಲ. ಆ ಚಾಸಿಯಿಂದ ಮೈಕಿಗೆ ಹೋಗೋಕೆ ಉಳಿದ ದಾರಿ ನನ್ನ ಮೈ ಒಂದೇ.

ನನಗೆ ತಾಗಿದ್ದು ಬರೀ ಸೋರಿಕೆ ಕರೆಂಟು, ಅದಕ್ಕೇ ಚುಳ್ ಅಂತ ಬಿಡ್ತು. ಅದೇ ಆಂಪ್ ಒಳಗೆ ಒಂದು ವೈರ್ ಸಡಿಲವಾಗಿ ಫೇಸ್ ಲೈನ್ ಚಾಸಿಗೆ ತಾಗಿದ್ರೆ? ಅರ್ತ್ ಇದ್ದಿದ್ರೆ ಆ ಕ್ಷಣಕ್ಕೆ ಜೋರು ಕರೆಂಟು ಹರಿದು ಫ್ಯೂಸ್ ಹಾರ್ತಿತ್ತು, ಆಂಪ್ ಸಾಯ್ತಿತ್ತು, ನಾನು ಬದುಕ್ತಿದ್ದೆ. ಅರ್ತ್ ಇಲ್ಲದಿದ್ರೆ ಫ್ಯೂಸ್ ಹಾರಲ್ಲ, ಚಾಸಿ, ಕೇಬಲ್, ತಂತಿ ಎಲ್ಲದರಲ್ಲೂ ಪೂರ್ತಿ ಮೇನ್ಸ್, ಅಂದ್ರೆ ಗೋಡೆಯ ಪ್ಲಗ್‌ನಲ್ಲಿರೋ ಅದೇ ವೋಲ್ಟೇಜ್, ಕೂತಿರುತ್ತೆ, ಯಾರಾದ್ರೂ ಮೈಕ್ ಮುಟ್ಟಲಿ ಅಂತ ಕಾಯ್ತಾ ಇರುತ್ತೆ. ನಾನು ಸುಮ್ಮನೆ ಹೆದರಿಸ್ತಿಲ್ಲ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸೀಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವೆ ಸ್ಟೇಜ್ ಮೇಲೆ ಅರ್ತ್ ಸರಿ ಇಲ್ಲದ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡ್ರು. ಅದಕ್ಕೂ ಮುಂಚೆ 1965ರಲ್ಲಿ ಅಮೆರಿಕದ ಸ್ಯಾಕ್ರಮೆಂಟೋದಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಗಿಟಾರ್ ಮೈಕ್ ಸ್ಟ್ಯಾಂಡ್‌ಗೆ ತಾಗಿ ಎಚ್ಚರ ತಪ್ಪಿ ಬಿದ್ದಿದ್ರು, ಅವರು ಉಳ್ಕೊಂಡ್ರು. ಇವರೆಲ್ಲಾ ದೊಡ್ಡ ತಂಡದೋರು, ಜೊತೆಗೆ ಕೆಲಸ ಗೊತ್ತಿರೋ ಜನ ಇದ್ದೋರು. ನಮ್ಮಂಥ ಹವ್ಯಾಸಿಗಳಿಗೆ ಸಿಗೋದು ಯಾರೋ ತಂದ ಎಕ್ಸ್‌ಟೆನ್ಷನ್ ಬೋರ್ಡು, ಅದರಲ್ಲಿ ಅರ್ತ್ ವೈರ್ ಇದೆಯೋ ಇಲ್ವೋ ಯಾರೂ ನೋಡಿರಲ್ಲ.

ಈಗ ಆ ಗುಂಯ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅದು ಯಾಕೆ ಬರುತ್ತೆ ಅಂತ ಗೊತ್ತಾದ್ರೆ ಪಿನ್ ಕೀಳೋ ಯೋಚನೆನೇ ಬರಲ್ಲ. ನನ್ನ ಆಂಪ್ ಸ್ಟೇಜ್ ಪಕ್ಕದ ಒಂದು ಪ್ಲಗ್‌ನಲ್ಲಿತ್ತು, ಮಿಕ್ಸರ್ ಸಭಾಂಗಣದ ಹಿಂದಿನ ಗೋಡೆಯ ಇನ್ನೊಂದು ಪ್ಲಗ್‌ನಲ್ಲಿತ್ತು. ಎರಡಕ್ಕೂ ಅರ್ತ್ ಇದೆ, ಆದ್ರೆ ಎರಡು ಜಾಗದ ಅರ್ತ್ ನಡುವೆ ಸಣ್ಣದೊಂದು ವೋಲ್ಟೇಜ್ ವ್ಯತ್ಯಾಸ ಇರುತ್ತೆ. ಡಿಐ ಕೇಬಲ್ ಹಾಕಿದ್ರೆ ಅದರ ಶೀಲ್ಡ್ ಆ ಎರಡು ಅರ್ತನ್ನೂ ಇನ್ನೊಂದು ದಾರಿಯಲ್ಲಿ ಕೂಡಿಸಿ ಒಂದು ಬಳೆ ಥರ ಸುತ್ತು ಮಾಡುತ್ತೆ, ಗ್ರೌಂಡ್ ಲೂಪ್ ಅಂತಾರೆ ಇದಕ್ಕೆ. ಆ ಸುತ್ತಲ್ಲಿ ಮೇನ್ಸ್ ಕರೆಂಟು ಹರಿದು ಸೌಂಡ್ ಒಳಗೆ ನುಸುಳುತ್ತೆ. ಸುತ್ತನ್ನ ಎಲ್ಲಾದ್ರೂ ಒಂದು ಕಡೆ ಕಡಿದ್ರೆ ಸದ್ದು ನಿಲ್ಲುತ್ತೆ ಅನ್ನೋದು ನಿಜ, ಹುಡುಗ ಮಾಡಿದ್ದೂ ಅದೇ, ಆದ್ರೆ ಕಡೀಬೇಕಾದ ಜಾಗ ಅದಲ್ಲ. ಇದೇ ಡಿಐ ಕೆಲಸ ಮಾಡೋ ಪುಟ್ಟ ಪೆಟ್ಟಿಗೆ ಡಿಐ ಬಾಕ್ಸ್, ಅದರ ಮೇಲೆ, ಎಷ್ಟೋ ಆಂಪ್‌ಗಳ ಹಿಂದೆ ಕೂಡ, ಗ್ರೌಂಡ್ ಲಿಫ್ಟ್ ಅಂತ ಒಂದು ಪುಟ್ಟ ಸ್ವಿಚ್ ಇರುತ್ತೆ. ಅದು ಆಡಿಯೋ ಕೇಬಲ್‌ನ ಶೀಲ್ಡನ್ನ ಮಾತ್ರ ಬಿಡಿಸುತ್ತೆ, ಮೇನ್ಸ್‌ನ ಅರ್ತ್ ಇದ್ದ ಹಾಗೇ ಇರುತ್ತೆ. ಸಿಗ್ನಲ್ ಬ್ಯಾಲೆನ್ಸ್ಡ್, ಅಂದ್ರೆ ಶೀಲ್ಡ್ ಒಳಗಿನ ಎರಡು ವೈರಲ್ಲಿ ಒಂದಕ್ಕೊಂದು ಉಲ್ಟಾ ಹೋಗೋ ಥರ, ಆಗಿರೋದ್ರಿಂದ ಉಳಿದ ಎರಡು ವೈರಲ್ಲೇ ಸರಾಗ ಹೋಗುತ್ತೆ. ಅದೇ ಆಂಪ್‌ನ ಹಿಂದೆ, ಆ ಹುಡುಗನ ಕೈಗೆ ಎಟಕೋ ಹಾಗೇ, ಆ ಸ್ವಿಚ್ ಇತ್ತು ಸರ್. ನನಗೂ ಗೊತ್ತಿತ್ತು, ಆವತ್ತಿನ ಗಡಿಬಿಡೀಲಿ ಬಾಯಿಗೆ ಬರಲಿಲ್ಲ.

ಇನ್ನೂ ಒಳ್ಳೇ ದಾರಿ ಅಂದ್ರೆ ಆಂಪ್‌ಗಳು, ಮಿಕ್ಸರ್, ಪವರ್ ಆಂಪ್ಲಿಫೈಯರ್ ಎಲ್ಲಕ್ಕೂ ಒಂದೇ ಜಾಗದಿಂದ ಕರೆಂಟು ಕೊಡೋದು, ಆಗ ಅರ್ತ್‌ಗಳ ನಡುವೆ ವ್ಯತ್ಯಾಸ ಬರೋದೇ ಕಮ್ಮಿ. ಸ್ಟೇಜ್ ಲೈಟುಗಳನ್ನ, ಅದರಲ್ಲೂ ಡಿಮ್ಮರ್ ಇರೋದನ್ನ, ಬೇರೆ ಲೈನಲ್ಲಿ ಹಾಕಬೇಕು.

ಈ ಸದ್ದು ಬಂದಾಗೆಲ್ಲ ಎಲ್ರೂ ಬೇಸ್ ನುಡಿಸೋನ ಕಡೆನೇ ತಿರುಗಿ ನೋಡೋದಕ್ಕೂ ಕಾರಣ ಇದೆ. ಮೇನ್ಸ್ ಗುಂಯ್ ಅನ್ನೋದು ದೇಶ ನೋಡ್ಕೊಂಡು 50 ಇಲ್ಲಾ 60 ಹರ್ಟ್ಜ್, ಜೊತೆಗೆ ಅದರ ಎರಡರಷ್ಟು, 100 ಇಲ್ಲಾ 120. ಬೇಸ್‌ನ ನಾಲ್ಕು ತಂತಿ ಬಿಟ್ಟು ನುಡಿಸಿದ್ರೆ ಸುಮಾರು 41, 55, 73, 98 ಹರ್ಟ್ಜ್. ನೋಡಿ, ಎರಡೂ ಒಂದೇ ಬೀದಿಯವು. ಹಾಡೋರ ಮೈಕಲ್ಲಿ ಗುಂಯ್ ಬಂದ್ರೆ 80 ಇಲ್ಲಾ 100 ಹರ್ಟ್ಜ್‌ನಿಂದ ಕೆಳಗೆ ಕತ್ತರಿಸಿದ್ರೆ ತುಂಬಾ ಮಟ್ಟಿಗೆ ಕಮ್ಮಿ ಆಗುತ್ತೆ, ದನಿಗೆ ಏನೂ ಆಗಲ್ಲ. ಬೇಸ್‌ನಲ್ಲಿ ಹಾಗೆ ಕತ್ತರಿಸಿದ್ರೆ ಬೇಸೇ ಹೋಯ್ತು, ಇಡೀ ಹಾಡಿನ ತಳ ಹೋಯ್ತು. ಈಕ್ವಲೈಜರ್‌ನಲ್ಲಿ ದಾರಿ ಇಲ್ಲ ಅಂತ ಗೊತ್ತಾದ ಮೇಲೆ ಸೌಂಡ್‌ನೋರ ಕೈ ಪ್ಲಗ್ ಕಡೆ ಹೋಗುತ್ತೆ. ಅದಕ್ಕೇ ಈ ವಿಷಯದಲ್ಲಿ ಬೇಸ್ ನುಡಿಸೋರು ಬೇರೆಯವರಿಗಿಂತ ಹೆಚ್ಚು ಹುಷಾರಾಗಿರಬೇಕು ಅಂತ ನನ್ನ ಅನಿಸಿಕೆ.

ಎಷ್ಟೋ ಸಲ ತಪ್ಪು ನಮ್ಮ ವಾದ್ಯದಲ್ಲೇ ಇರುತ್ತೆ ಅನ್ನೋದನ್ನೂ ಒಪ್ಕೋಬೇಕು. ಮನೆಯಲ್ಲೇ ನೋಡ್ಕೊಳ್ಳಿ. ಬೇಸ್‌ನ ವಾಲ್ಯೂಮ್ ಪೂರ್ತಿ ಇಳಿಸಿದ್ರೆ ಸದ್ದು ನಿಲ್ತು ಅಂದ್ರೆ ಅದು ಪಿಕಪ್ ಹಿಡಿದುಕೊಂಡು ಬಂದಿದ್ದು, ನಿಂತ ಜಾಗ ಬದಲಿಸಿ, ಮೈ ಸ್ವಲ್ಪ ತಿರುಗಿಸಿ ನೋಡಿ, ಕಮ್ಮಿ ಆಗುತ್ತೆ. ಆಂಪ್‌ಗೆ ಹಾಕಿರೋ ಕೇಬಲ್ ಕಿತ್ತ ಮೇಲೂ ಗುಂಯ್ ಇದ್ರೆ ಅದು ಆಂಪ್‌ದು. ಡಿಐ ಕೇಬಲ್ ಕಿತ್ತಾಗ ಮಾತ್ರ ನಿಂತ್ರೆ ಲೂಪ್. ಈ ಯಾವ ಪರೀಕ್ಷೆಗೂ ಅರ್ತ್ ಪಿನ್ ಮುಟ್ಟೋ ಅಗತ್ಯ ಇಲ್ಲ. 1960ರಲ್ಲಿ ಬಂದ ಫೆಂಡರ್ ಕಂಪನಿಯ ಜಾಝ್ ಬೇಸ್ ಥರದ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇರೋ ಬೇಸ್ ಆದ್ರೆ ಎರಡೂ ವಾಲ್ಯೂಮ್ ಪೂರ್ತಿ ಏರಿಸಿ, ಒಂದರ ಗುಂಯ್ ಇನ್ನೊಂದು ಹೊಡೆದು ಹಾಕುತ್ತೆ, ಒಂದನ್ನ ಸ್ವಲ್ಪ ಇಳಿಸಿದ್ರೂ ಮತ್ತೆ ಕೇಳ್ಸುತ್ತೆ. ಅದೇ ಕಂಪನಿಯ ಪ್ರಿಸಿಷನ್ ಬೇಸ್‌ನಲ್ಲಿ 1957ರಿಂದ ಪಿಕಪ್ಪನ್ನೇ ಎರಡು ತುಂಡು ಮಾಡಿ ಈ ತೊಂದರೆ ಕಳೆದಿದ್ದಾರೆ.

ತಂತಿ ಮುಟ್ಟಿದಾಗ ಸದ್ದು ಕಮ್ಮಿ ಆಗ್ಬೇಕು. ಬೇಸ್‌ಗೆ ಕೇಬಲ್ ಚುಚ್ಚೋ ಜ್ಯಾಕ್‌ನ ಲೋಹ ಮುಟ್ಟಿದ್ರೆ ಕಮ್ಮಿ ಆಗಿ ತಂತಿ ಮುಟ್ಟಿದ್ರೆ ಆಗ್ತಿಲ್ಲ ಅಂದ್ರೆ ಬ್ರಿಡ್ಜ್ ಕೆಳಗಿನ ಆ ವೈರ್ ತುಂಡಾಗಿದೆ, ಬೆಸುಗೆ ಹಾಕಿಸಿ. ಜ್ಯಾಕ್‌ನ ನಟ್ ಸಡಿಲ ಆದಾಗ ಸುಮಾರು ಜನ ಹೊರಗಿಂದಲೇ ತಿರುಗಿಸಿ ಬಿಗಿ ಮಾಡ್ತಾರೆ, ಒಳಗೆ ಜ್ಯಾಕ್ ಪೂರ್ತಿ ಸುತ್ತಿ ವೈರ್ ಮುರುಕೊಂಡು ಕಿತ್ತೋಗುತ್ತೆ, ನನ್ನ ಮೊದಲನೇ ಬೇಸ್ ಹೀಗೇ ಸ್ಟೇಜ್ ಮೇಲೆ ಸತ್ತಿತ್ತು. ಪ್ಲೇಟ್ ಬಿಚ್ಚಿ ಒಳಗಿಂದ ಜ್ಯಾಕ್ ಹಿಡ್ಕೊಂಡು ಬಿಗಿ ಮಾಡಿ, ಐದು ನಿಮಿಷದ ಕೆಲಸ. ನಾಬ್ ತಿರುಗಿಸಿದಾಗ ಕರಕರ ಅಂದ್ರೆ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಬಿಟ್ಟು ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಆಕ್ಟಿವ್ ಬೇಸ್ ಆದ್ರೆ ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖಾಲಿ ಆಗ್ತಾನೇ ಇರುತ್ತೆ, ನುಡಿಸಿ ಆದ ಮೇಲೆ ಕಿತ್ತಿಡಿ. ಇಷ್ಟು ನಾವೇ ಮಾಡ್ಕೋಬಹುದು. ಆಂಪ್ ಮಾತ್ರ ಬಿಚ್ಚೋಕೆ ಹೋಗ್ಬೇಡಿ, ವಾಲ್ವ್ ಆಂಪ್ ಆದ್ರಂತೂ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಅದು ತಿಳಿದೋರ ಕೆಲಸ.

ಕಾರ್ಯಕ್ರಮ ಏರ್ಪಡಿಸೋರ ಹತ್ರ ನನ್ನ ಕೋರಿಕೆ ಜಾಸ್ತಿ ಏನಿಲ್ಲ. ಸ್ಟೇಜ್‌ಗೆ ಕರೆಂಟು ಕೊಡೋ ಲೈನ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ಮೈ ಮೂಲಕ ಕರೆಂಟು ಸೋರಿದ್ರೆ ಅದು ಕಣ್ಣು ಮಿಟುಕಿಸೋದ್ರೊಳಗೆ ಲೈನ್ ಕಟ್ ಮಾಡುತ್ತೆ. ಅದಿದೆ ಅಂತ ಅರ್ತ್ ಬಿಡೋ ಹಾಗಿಲ್ಲ, ಎರಡೂ ಬೇಕು. ಪ್ಲಗ್ ಪಾಯಿಂಟ್‌ನಲ್ಲಿ ಅರ್ತ್ ನಿಜವಾಗಿ ಬರ್ತಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಒಂದು ಸಲ ನೋಡಿಸಿ. ಎರಡು ಡಿಐ ಬಾಕ್ಸ್ ಇಟ್ಟಿರಿ. ಅರ್ತ್ ಪಿನ್ ಮುರಿದಿರೋ ಪ್ಲಗ್ ಯಾರು ತಂದ್ರೂ, ಅವರು ಎಷ್ಟೇ ದೊಡ್ಡ ಕಲಾವಿದರಾಗಿರಲಿ, ಸ್ಟೇಜ್ ಹತ್ತಿಸಬೇಡಿ.

ನುಡಿಸೋ ಗೆಳೆಯರಿಗೆ ಹೇಳೋದು, ಒಂದು ಸಾಧಾರಣ ಮಲ್ಟಿಮೀಟರ್ ಬ್ಯಾಗಲ್ಲಿ ಹಾಕ್ಕೊಳ್ಳಿ. ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಮೈಕ್ ಜಾಲರಿಗೆ, ಇನ್ನೊಂದು ನಿಮ್ಮ ತಂತಿಗೆ ತಾಗಿಸಿ, ಕಡ್ಡಿಯ ಪ್ಲಾಸ್ಟಿಕ್ ಹಿಡಿ ಮಾತ್ರ ಹಿಡ್ಕೊಂಡು. ಸೊನ್ನೆ ಹತ್ರ ತೋರಿಸಿದ್ರೆ ಹಾಡಿ. ಹತ್ತಾರು ವೋಲ್ಟ್ ತೋರಿಸಿದ್ರೆ ಕಾರಣ ಸಿಗೋವರೆಗೂ ಆ ಮೈಕ್ ಹತ್ರ ಹೋಗ್ಬೇಡಿ, ಜನ ಕಾಯ್ತಿದ್ರೂ ಪರವಾಗಿಲ್ಲ, ಕಾಯಲಿ. ಮೈಕಿಗೆ ಸ್ಪಾಂಜ್ ಟೋಪಿ ಹಾಕಿದ್ರೆ ತುಟಿಗೂ ಲೋಹಕ್ಕೂ ನಡುವೆ ಒಂದು ಅಡ್ಡ ಇರುತ್ತೆ, ಆದ್ರೆ ಒದ್ದೆ ಆದ್ರೆ ಅದನ್ನ ನಂಬೋ ಹಾಗಿಲ್ಲ.

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ಕೇಳಿದೆ, ಕೆಲಸ ಕಲಿಸಿದೋರು ಹೀಗೇ ತೋರಿಸಿಕೊಟ್ಟಿದ್ದು ಸರ್, ಶಾಕ್ ಹೊಡೆಯುತ್ತೆ ಅಂತ ಯಾರೂ ಹೇಳಿರಲಿಲ್ಲ ಅಂದ. ಇಬ್ರೂ ಸೇರಿ ಅಡಾಪ್ಟರ್ ತೆಗೆದು ಪ್ಲಗ್ ನೇರವಾಗಿ ಹಾಕಿ ಬೇರೆ ಕೇಬಲ್‌ನಲ್ಲಿ ಮತ್ತೆ ಮಿಕ್ಸರ್‌ಗೆ ಕೊಟ್ವಿ, ಗುಂಯ್ ಬಂತು. ಲಿಫ್ಟ್ ಸ್ವಿಚ್ ಒತ್ತು ಅಂದೆ. ಒತ್ತಿದ, ನಿಂತೋಯ್ತು. ನಂಬಿಕೆ ಬರದೆ ನಾಲ್ಕೈದು ಸಲ ಒತ್ತಿ ಬಿಟ್ಟು ಒತ್ತಿ ನೋಡಿದ, ಆಮೇಲೆ ತನ್ನ ಡಬ್ಬಿಯಲ್ಲಿದ್ದ ಎರಡು ಪಿನ್ನಿನ ಅಡಾಪ್ಟರ್‌ಗಳನ್ನೆಲ್ಲಾ ತೆಗೆದು ನನ್ನ ಕೈಗೆ ಕೊಟ್ಟ. ಒಟ್ಟು ಏಳು ಇದ್ವು.

ಇಂತಿ,
ಒಬ್ಬ ಹವ್ಯಾಸಿ ಬೇಸ್ ವಾದಕ