ಟ್ವೈನ್ ಮುಳುಗಿದ್ದು ವ್ಯಾಪಾರ ಗೊತ್ತಿಲ್ದೆ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ದುಡ್ಡು ಕಳ್ಕೊಂಡ ಕಥೆ ಓದ್ದೆ. ಬರಹ ಚೆನ್ನಾಗೇ ಇತ್ತು, ಆದ್ರೆ ಸಾಹಿತಿಗೆ ಯಾಕಪ್ಪಾ ಬೇಕಿತ್ತು ಈ ವ್ಯಾಪಾರ ಅನ್ನೋ ಧಾಟಿ ನಂಗೆ ಹಿಡಿಸ್ಲಿಲ್ಲ. ನಾನು ಇಪ್ಪತ್ತೆರಡು ವರ್ಷ ಪ್ರೆಸ್ಸಲ್ಲಿ ಮೊಳೆ, ಅಂದ್ರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿದೋನು, ಟ್ವೈನ್ ದುಡ್ಡು ಸುರಿದ ಮೊಳೆ ಜೋಡಿಸೋ ಮಷಿನ್ ಮಾತು ಬಂದ್ಮೇಲೆ ಸುಮ್ನೆ ಕೂರೋಕಾಗ್ಲಿಲ್ಲ.

ಆತ ಗೆದ್ದಿದ್ದೂ ಇದೆ ಸ್ವಾಮಿ. ಮೊದಲೇ ಅಂಟು ಹಚ್ಚಿಟ್ಟ ಸ್ಕ್ರ್ಯಾಪ್‌ಬುಕ್ಕಿಗೆ (ಕತ್ತರಿಸಿದ ಚಿತ್ರ, ಸುದ್ದಿ ಅಂಟಿಸಿಡೋ ಪುಸ್ತಕ) 1873ರಲ್ಲಿ ಪೇಟೆಂಟ್ ತಗೊಂಡು ದುಡ್ಡು ಮಾಡ್ದ. 1884ರಲ್ಲಿ ಅಕ್ಕನ ಮಗಳ ಗಂಡ ವೆಬ್‌ಸ್ಟರ್ ಹೆಸರಲ್ಲಿ ಸ್ವಂತ ಪ್ರಕಾಶನ ಶುರು ಮಾಡ್ದ. ಅಮೆರಿಕದ ಮಾಜಿ ಅಧ್ಯಕ್ಷ, ಅಲ್ಲಿನ ಅಂತರ್ಯುದ್ಧದ ಸೇನಾಪತಿ ಗ್ರಾಂಟ್ ಆಗ ಪಾಲುದಾರನ ಮೋಸದಿಂದ ದಿವಾಳಿಯಾಗಿ, ಗಂಟಲು ಕ್ಯಾನ್ಸರ್ ಬೇರೆ ಬಂದು, ಆತ್ಮಕಥೆ ಬರೀತಿದ್ರು, ಇನ್ನೊಂದು ಕಂಪನಿಯವ್ರು ನೂರಕ್ಕೆ ಹತ್ತು ರಾಯಲ್ಟಿ ಅಂದಿದ್ರು, ಟ್ವೈನ್ ಹೋಗಿ ನಿವ್ವಳ ಲಾಭದಲ್ಲಿ ನೂರಕ್ಕೆ ಎಪ್ಪತ್ತು ನಿಮ್ಗೇ ಅಂದ. ಮಾರೋಕೆ ಬಿಟ್ಟಿದ್ದು ಯಾರನ್ನ ಅಂದ್ರೆ, ಗ್ರಾಂಟ್ ಸೈನ್ಯದಲ್ಲೇ ಇದ್ದು ಬಂದ ಹಳೇ ಸೈನಿಕ್ರನ್ನ, ಮನೆಮನೆಗೆ! 1885ರಲ್ಲಿ ಗ್ರಾಂಟ್ ತೀರ್ಕೊಂಡ್ರು, ಮುಂದಿನ ವರ್ಷ ಅವರ ಹೆಂಡ್ತಿ ಕೈಗೆ 2 ಲಕ್ಷ ಡಾಲರ್ ಚೆಕ್ ಬಂತು. ಇದು ದಡ್ಡ ವ್ಯಾಪಾರಿ ಮಾಡೋ ಕೆಲ್ಸಾನಾ? ಆಮೇಲೆ ಪೋಪ್ ಜೀವನಚರಿತ್ರೆ ಹಾಕಿ, ಕ್ಯಾಥೊಲಿಕ್ರೆಲ್ಲಾ ಕೊಂಡ್ಕೊಳ್ತಾರೆ ಅಂತ ಲೆಕ್ಕ ಹಾಕಿ ಕೈ ಸುಟ್ಕೊಂಡ, ಅದು ಬೇರೆ.

ಈಗ ಮಷಿನ್ ವಿಷ್ಯ. ಜೇಮ್ಸ್ ಪೇಜ್ ಅನ್ನೋನು ಮಾಡ್ತಿದ್ದ ಮೊಳೆ ಜೋಡಿಸೋ ಯಂತ್ರಕ್ಕೆ ಟ್ವೈನ್ 1880ರಿಂದ ಸುರಿದಿದ್ದು ಹತ್ರ ಹತ್ರ 3 ಲಕ್ಷ ಡಾಲರ್. ನೀವು ಇದನ್ನ ಮರುಳು ಅಂತ ಬರ್ದಿದ್ದೀರಿ. ಟ್ವೈನ್ ಹುಡುಗನಾಗಿದ್ದಾಗಿಂದ ಪ್ರೆಸ್ಸಲ್ಲಿ ಕಂಪೋಸಿಂಗ್ ಮಾಡಿದೋನು, ಹೊರಗಿನವನಲ್ಲ. ಈ ಕೆಲ್ಸದಲ್ಲಿ ಜೋಡಿಸೋದು ಅರ್ಧ ಅಷ್ಟೇ, ಪ್ರತಿ ಸಾಲಿಗೂ ಸ್ಪೇಸ್ ಹಾಕಿ ಎರಡೂ ಅಂಚು ಸಮ ಮಾಡ್ಬೇಕು, ಅಚ್ಚಾದ್ಮೇಲೆ ಒಂದೊಂದು ಮೊಳೇನೂ ವಾಪಸ್ ಪೆಟ್ಟಿಗೇಲಿ ಅದರದ್ದೇ ಮನೆಗೆ ಹಾಕ್ಬೇಕು, ಸಂಜೆ ಹೊತ್ಗೆ ಬೆರಳು ಬೆರಳಾಗಿರಲ್ಲ. ಪೇಜ್ ಮಷಿನ್ ಈ ಮೂರೂ ಮಾಡ್ತಿತ್ತು, 18,000 ಬಿಡಿಭಾಗ ಇದ್ದ ಯಂತ್ರ, ನಡೆದಾಗ ಅದ್ಭುತವಾಗಿ ನಡೀತಿತ್ತು, ಕೆಟ್ರೆ ರಿಪೇರಿ ಮಾಡೋಕೆ ಪೇಜ್‌ನೇ ಬರ್ಬೇಕು. ಕಂಪೋಸಿಟರ್ ಆದ ನಾನು ಆ ಜಾಗದಲ್ಲಿದ್ದಿದ್ರೂ ಜೇಬು ಖಾಲಿ ಮಾಡ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಅದಕ್ಕೆ ಎದುರಾಳಿಯಾಗಿ ಮೆರ್ಗೆಂಥಾಲರ್ ಅನ್ನೋ ಗಡಿಯಾರ ರಿಪೇರಿ ಕಲಿತ ಮನುಷ್ಯ ಮಾಡಿದ ಲೈನೋಟೈಪ್ ಮಷಿನ್ ಕೈಕೆಲಸಾನ ನಕಲು ಮಾಡೋಕೇ ಹೋಗ್ಲಿಲ್ಲ. ಸೀಸ ಕರಗಿಸಿ ಇಡೀ ಸಾಲನ್ನ ಒಂದೇ ತುಂಡಾಗಿ ಎರಕ ಹೊಯ್ಯೋದು, ಅಚ್ಚಾದ್ಮೇಲೆ ಮತ್ತೆ ಕರಗ್ಸೋದು, ಮೊಳೆ ವಾಪಸ್ ಹಾಕೋ ಪ್ರಶ್ನೇನೇ ಇಲ್ಲ. 1886ಕ್ಕೇ ಅದು ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೇಲಿ ಓಡ್ತಿತ್ತು. ಪೇಜ್ ಮಾತ್ರ ಇನ್ನೊಂಚೂರು ಸರಿ ಮಾಡ್ತೀನಿ ಅಂತ ಬಿಚ್ಚೋದು, ಕಟ್ಟೋದು. ಟ್ವೈನ್‌ಗೆ ಈ ಕೆಲ್ಸ ಅತಿಯಾಗಿ ಗೊತ್ತಿತ್ತು, ಅದೇ ಮುಳುಗಿಸ್ತು ಅಂತ ನನ್ನ ಲೆಕ್ಕ.

ತಪ್ಪು ಎಲ್ಲಾಯ್ತು ಅಂದ್ರೆ, ನಡೀತಿದ್ದ ಪ್ರಕಾಶನದ ದುಡ್ಡು, ಹೆಂಡ್ತಿಗೆ ತವರಿಂದ ಬಂದಿದ್ದು, ಎಲ್ಲಾ ಅದಕ್ಕೇ ಹಾಕಿದ್ದು. 1893ರಲ್ಲಿ ಅಮೆರಿಕದ ಬ್ಯಾಂಕುಗಳು ಬಿದ್ದಾಗ ಸಾಲ ಸಿಗ್ಲಿಲ್ಲ, 1894ರ ಏಪ್ರಿಲ್ಲಲ್ಲಿ ಪ್ರಕಾಶನ ಮುಚ್ತು. ಅದೇ ವರ್ಷ ಷಿಕಾಗೋದ ಪತ್ರಿಕೆಯೊಂದ್ರಲ್ಲಿ ಪೇಜ್ ಮಷಿನ್ ಟ್ರಯಲ್ ನಡೆದು ಅದೂ ಫೇಲ್.

ನಿಮ್ಮ ಲೇಖನದಲ್ಲಿ ಬಿಟ್ಟು ಹೋಗಿರೋದು ಸ್ಟ್ಯಾಂಡರ್ಡ್ ಆಯಿಲ್ ಅನ್ನೋ ಎಣ್ಣೆ ಕಂಪನಿಯ ಹೆನ್ರಿ ರಾಜರ್ಸ್ ವಿಷ್ಯ. ಸಾಲ ಕೊಟ್ಟೋರ ಪೈಕಿ ದೊಡ್ಡ ಸಾಲ ಕೊಟ್ಟೋಳು ಟ್ವೈನ್ ಹೆಂಡ್ತೀನೇ ಅಂತ ತೋರ್ಸಿ, ಪುಸ್ತಕಗಳ ಕಾಪಿರೈಟನ್ನ ಆಕೆ ಹೆಸ್ರಿಗೆ ಮಾಡ್ಸಿದ್ದು ಆತ. ಆ ಕಾಪಿರೈಟ್ ಕೈತಪ್ಪಿದ್ರೆ ಟ್ವೈನ್ ಮತ್ತೆ ಏಳ್ತಿರ್ಲಿಲ್ಲ. 1895ರಲ್ಲಿ, ಅರವತ್ತರ ಹತ್ರ, ಭಾಷಣ ಮಾಡ್ತಾ ಲೋಕ ಸುತ್ತೋಕೆ ಹೊರಟ, ನಮ್ಮ ಬಾಂಬೆ, ಕಲ್ಕತ್ತಾಗೂ ಬಂದಿದ್ದ. ಟೂರ್ ಮುಗ್ಸಿ ಇಂಗ್ಲೆಂಡಲ್ಲಿದ್ದಾಗ ಊರಲ್ಲಿದ್ದ ದೊಡ್ಡ ಮಗಳು ಸೂಸಿ ತೀರ್ಕೊಂಡ್ಳು. 1898ರ ಹೊತ್ಗೆ ಎಲ್ರ ಸಾಲಾನೂ ಪೂರ್ತಿ ತೀರ್ಸಿದ್ದ. ಇಷ್ಟಾದ್ಮೇಲೂ ಪ್ಲಾಸ್ಮಾನ್ ಅಂತ ಹಾಲಿನ ಪುಡಿ ಕಂಪನಿಗೆ ದುಡ್ಡು ಹಾಕ್ದ ನೋಡಿ, ಅದಕ್ಕೆ ಮಾತ್ರ ನನ್ನ ಹತ್ರ ಸಮರ್ಥನೆ ಇಲ್ಲ.

ಇನ್ನೊಂದು, ಪೇಜ್ ಯಂತ್ರ ಅಂತ ನೀವು ಹಾಕಿದ ಫೋಟೊ ಲೈನೋಟೈಪ್‌ದು, ಮೇಲೆ ಓರೆಯಾಗಿ ಕೂತ ಮ್ಯಾಗಜೀನ್, ಅಂದ್ರೆ ಅಕ್ಷರದ ಅಚ್ಚುಗಳಿರೋ ಪೆಟ್ಟಿಗೆ, ನೋಡಿದ್ರೆ ಯಾವ ಹಳೇ ಪ್ರೆಸ್ಸಿನೋನಾದ್ರೂ ಹೇಳ್ತಾನೆ. ಉಳಿದಿರೋ ಒಂದೇ ಪೇಜ್ ಮಷಿನ್ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಟ್ವೈನ್ ಮನೆ ಮ್ಯೂಸಿಯಮ್ಮಲ್ಲಿದೆ. ಮುಂದಿನ ವಾರ ತಿದ್ದುಪಡಿ ಹಾಕಿ.

ಇಂತಿ,
ಒಬ್ಬ ಹಳೇ ಕಂಪೋಸಿಟರ್