ನಾಯಿಯ ಬಾಲದ ಗಾಯ ಮುಚ್ಚಿಟ್ಟ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ನಾಯಿ ವಸತಿ ಕೇಂದ್ರ, ಕಾಸರಗೋಡು

ಮಾನ್ಯರೇ,

ಮನೆಯಲ್ಲಿ ಮದುವೆ ಇತ್ತು ಅಂತ ನಮ್ಮ ಲ್ಯಾಬ್ರಡಾರ್ ಟೈಗರನ್ನು ನಿಮ್ಮಲ್ಲಿ ಬಿಟ್ಟಿದ್ದೆವು. ಕರೆದುಕೊಂಡು ಹೋಗಲು ಬಂದಾಗ ಬಾಲದ ತುದಿಗೆ ಬ್ಯಾಂಡೇಜ್ ಇತ್ತು. ಕೇಳಿದರೆ ನಿಮ್ಮ ಹುಡುಗರು "ಸಣ್ಣ ಗಾಯ, ವಾಸಿಯಾಗುತ್ತೆ" ಅಂದರು. ಬದಿಯಡ್ಕಕ್ಕೆ ಬಂದು ಬಿಚ್ಚಿ ನೋಡಿದರೆ ಚರ್ಮ ಸೀಳಿ ಒಳಗಿನ ಮಾಂಸ ಕಾಣುತ್ತಿತ್ತು, ಬಿಗಿಯಾಗಿ ಸುತ್ತಿದ ಪಟ್ಟಿ ಕೂದಲಿಗೆ ಮೆತ್ತಿಕೊಂಡಿತ್ತು, ಅದರಿಂದ ಕೆಳಗೆ ಬಾಲ ಕಪ್ಪಾಗಿ ತಣ್ಣಗಿತ್ತು. ಮುಟ್ಟಿದರೂ ಟೈಗರ್ ಕುಂಯ್ ಅನ್ನಲಿಲ್ಲ. ನಮಗೆ ಭಯವಾಗಿದ್ದೇ ಅದಕ್ಕೆ.

ಮಂಗಳೂರಿನ ಪಶುವೈದ್ಯರ ಮಾತು ಸ್ಪಷ್ಟ. ಖುಷಿಯಲ್ಲಿ ಬಾಲ ಆಡಿಸುವ ದೊಡ್ಡ ನಾಯಿ ಇಕ್ಕಟ್ಟಿನ ಗೂಡಲ್ಲಿದ್ದರೆ ತುದಿ ಗೋಡೆಗೆ ಬಡಿದು ಒಡೆಯುತ್ತದೆ, ಮತ್ತೆ ಆಡಿಸಿದರೆ ಮತ್ತೆ ಒಡೆಯುತ್ತದೆ. ತುದಿಗೆ ರಕ್ತ ಹೋಗುವುದೇ ಕಮ್ಮಿ, ಅದರ ಮೇಲೆ ಬಿಗಿ ಕಟ್ಟಿದರೆ ಅದೂ ನಿಂತು ಆ ಭಾಗ ಸಾಯುತ್ತದೆ. ಕಪ್ಪಾಗಿದ್ದು ಮೇಲಕ್ಕೆ ಹರಡಿದರೆ ಆರೋಗ್ಯವಾಗಿರುವ ಗೆಣ್ಣಿನವರೆಗೂ ಬಾಲ ಕತ್ತರಿಸಬೇಕಾದೀತು ಅಂದಿದ್ದಾರೆ. ಈಗ ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕಿದ್ದೇವೆ. ಬಾಗಿಲು ದಾಟುವಾಗೆಲ್ಲ ಅದು ಚೌಕಟ್ಟಿಗೆ ತಾಗುತ್ತದೆ, ಅವನು ಅಲ್ಲೇ ನಿಂತು ನಮ್ಮ ಮುಖ ನೋಡುತ್ತಾನೆ.

ಗಾಯ ಆಗಬಹುದು, ಒಪ್ಪುತ್ತೇವೆ. ಆದರೆ ಆದ ದಿನವೇ ಒಂದು ಫೋನ್ ಮಾಡಬಹುದಿತ್ತು ಅಲ್ವಾ? ನಂಬರ್ ನಿಮ್ಮ ಹತ್ತಿರ ಇತ್ತು. ಆಗಲೇ ಡಾಕ್ಟರಿಗೆ ತೋರಿಸಿದ್ದರೆ ಬಾಲ ಉಳಿಸುವ ದಾರಿ ಎಷ್ಟೋ ಜಾಸ್ತಿ ಇತ್ತು. ನೀವು ಮುಚ್ಚಿಟ್ಟಿದ್ದೇ ನಮ್ಮ ದೊಡ್ಡ ದೂರು.

ಇನ್ನೊಂದು ಮಾತು. ಬಿಡುವಾಗ ಸಹಿ ಹಾಕಿಸಿದ ಕಾಗದ ಬರೀ ಮಲಯಾಳದಲ್ಲಿತ್ತು. ಗಾಯವಾದರೆ ನಿಮ್ಮ ಹೊಣೆ ಇಲ್ಲ ಅಂತ ಅದರಲ್ಲಿದೆ ಅನ್ನುತ್ತೀರಿ. ಕಾಸರಗೋಡಿನಲ್ಲಿ ಕನ್ನಡದವರು ಇಷ್ಟೊಂದು ಇರುವಾಗ ಕನ್ನಡದ ಪ್ರತಿ ಯಾಕಿಲ್ಲ?

ಗಾಯ ಯಾವಾಗ ಆಯಿತು, ಯಾರು ಕಟ್ಟಿದರು, ಏನು ಮದ್ದು ಹಚ್ಚಿದರು, ಎಲ್ಲ ಬರೆದು ಕೊಡಿ, ವೈದ್ಯರಿಗೆ ಅದು ಬೇಕು. ವಸತಿ ಶುಲ್ಕ ವಾಪಸು ಮಾಡಿ, ಚಿಕಿತ್ಸೆಯ ಖರ್ಚು ಕೊಡಿ. ಶಸ್ತ್ರಚಿಕಿತ್ಸೆ ಆದರೆ ಅದರ ಖರ್ಚೂ ನಿಮ್ಮದೇ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಬಿಲ್ಲು, ಫೋಟೋ, ವೈದ್ಯರ ಚೀಟಿ ಎಲ್ಲ ನಮ್ಮಲ್ಲಿವೆ. ಅಲ್ಲಿಯವರೆಗೆ ಆ ಇಕ್ಕಟ್ಟಿನ ಗೂಡಲ್ಲಿ ಬೇರೆ ಯಾವ ನಾಯಿಯನ್ನೂ ಇಡಬೇಡಿ.

ಇತಿ,
ಟೈಗರ್‌ನ ಮನೆಯವರು, ಬದಿಯಡ್ಕ