ಕೊಠಡಿಗೆ ಬೀಗ, ಜನರಿಗೆ ಜಾಗೃತಿ

ಮಾನ್ಯ ಸಂಪಾದಕರೇ,

ಲೈಂಗಿಕ ರೋಗಗಳ ಜಾಗೃತಿ ಕಾರ್ಯಕ್ರಮದ ವರದಿಯನ್ನು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಜನ ನಾಚಿಕೆ ಬಿಟ್ಟು ಆಸ್ಪತ್ರೆಗೆ ಬರಬೇಕು’ ಎಂದು ಅಧಿಕಾರಿಗಳು ಹೇಳಿದ್ದಾರಂತೆ. ಫೋಟೊದಲ್ಲಿ ಹನ್ನೊಂದು ಜನ ಸೇರಿ ಒಂದು ಸಸಿಗೆ ನೀರು ಹಾಕುತ್ತಿದ್ದರು. ಓದಿ ಮೈ ಉರಿಯಿತು. ಯಾಕೆಂದರೆ ಅದೇ ವಾರ ನಾನು ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಿದ್ದೆ.

ನನಗಾಗಿ ಅಲ್ಲ, ನಮ್ಮ ಅಂಗಡಿಯ ಹುಡುಗನಿಗಾಗಿ. (ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ, ಒಬ್ಬರೂ ನಂಬಿಲ್ಲ.) ಗೋವಾದಲ್ಲಿ ದುಡಿದು ಬಂದವನು. ಹೇಳಬಾರದ ಜಾಗದಲ್ಲಿ ಒಂದು ಹುಣ್ಣಾಗಿತ್ತು. ನೋವಿಲ್ಲ, ಉರಿ ಇಲ್ಲ. ಗಜಕರ್ಣದ ಮುಲಾಮು ಹಚ್ಚಿದ. ಮೂರ್ನಾಲ್ಕು ವಾರಕ್ಕೆ ಮಾಯವಾಯಿತು. ಮುಲಾಮು ಭಾರಿ ಚಲೋ ಇದೆ ಅಂದುಕೊಂಡ. ಈಗ ಅಂಗೈ, ಅಂಗಾಲಿನಲ್ಲಿ ಕೆಂಪು ಕಲೆ ಎದ್ದಿವೆ. ತಾನಾಗಿಯೇ ಬಂದು ‘ಮಾಲಕ್ರ, ಯಾಕೋ ಅಂಜಿಕಿ ಬರಾಕತ್ತೈತ್ರಿ’ ಅಂದ. ಅಂದರೆ ಜಾಗೃತಿ ಅವನಿಗಿತ್ತು ಅಲ್ವಾ?

ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದೆವು. ಅಲ್ಲಿದ್ದವರು ಚೆನ್ನಾಗಿಯೇ ಮಾತಾಡಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆಂದೇ ಕ್ಲಿನಿಕ್ ಇರುತ್ತದೆ, ತಪಾಸಣೆ, ಔಷಧಿ ಎಲ್ಲ ಪುಕ್ಕಟೆ ಅಂದರು.

ಸೋಮವಾರ ಹೋದರೆ ಕೊಠಡಿಗೆ ಬೀಗ. ‘ಮೇಡಂ ಟ್ರೇನಿಂಗ್‌ಗೆ ಹೋಗ್ಯಾರ್ರಿ.’ ಬುಧವಾರ ಚೀಟಿ ಮಾಡಿಸುವಷ್ಟರಲ್ಲಿ ಒಂದೂವರೆ ತಾಸು ಹೋಯಿತು, ಅಷ್ಟೊತ್ತಿಗೆ ಊಟದ ಟೈಮು. ಗುರುವಾರ ಅಂಗಡಿ ಮುಚ್ಚಿ ಮೂರನೇ ಸಲ ಹೋದೆವು. ದೇವರ ದಯೆ, ಬಾಗಿಲು ತೆರೆದಿತ್ತು. ಆದರೆ ಒಳಗಿನಿಂದ ಬಂದ ಸಿಬ್ಬಂದಿ ಇಡೀ ವರಾಂಡಕ್ಕೆ ಕೇಳುವಂತೆ ಕೂಗಿದರು: ‘ಗುಪ್ತರೋಗದವ್ರು ಯಾರ್ರಿ? ಈ ಕಡೆ ಬರ್ರಿ!’ ಅವರ ತಲೆಯ ಮೇಲೇ ಬೋರ್ಡಿತ್ತು: ‘ನಿಮ್ಮ ಮಾಹಿತಿಯನ್ನು ಗೋಪ್ಯವಾಗಿಡಲಾಗುವುದು.’ ಬಿಪಿ ತೋರಿಸಲು ಬಂದು ಎದುರಿನ ಬೆಂಚಿನಲ್ಲಿ ಕೂತಿದ್ದವರು ಯಾರು ಗೊತ್ತೇ? ನನ್ನ ಮಗಳ ಮಾವ. ಹುಡುಗನೂ ಎದ್ದ, ನಾನೂ ಎದ್ದೆ. ಬೀಗರು ನನ್ನನ್ನಷ್ಟೇ ನೋಡಿದರು. ಸಂಜೆ ಮಗಳ ಫೋನು. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಗುಪ್ತರೋಗವಂತೆ, ಗುಪ್ತ!

ಎಚ್‌ಐವಿ ಇರುವವರ ವಿಷಯ ಬಯಲು ಮಾಡಬಾರದೆಂದು 2017ರ ಕಾಯ್ದೆಯೇ ಇದೆ. ಉಳಿದ ರೋಗದವರಿಗೆ ಮಾನ ಇಲ್ಲವೇ? ಹುಡುಗನ ಹೆಸರು, ಓಣಿ ನಾನು ಬರೆಯುವುದಿಲ್ಲ. ಊರಿಗೆ ಸಾರುವ ಕೆಲಸವನ್ನು ಆಸ್ಪತ್ರೆಯವರೇ ಮುಗಿಸಿದ್ದಾರೆ.

ಒಳಗಿದ್ದ ಡಾಕ್ಟರ್ ಮಾತ್ರ ಒಳ್ಳೆಯವರು. ರಕ್ತ ನೋಡಿ ಸಿಫಿಲಿಸ್ ಅಂದರು. ಹುಣ್ಣು ತಾನೇ ಮಾಯುತ್ತದೆ, ರೋಗ ಮಾತ್ರ ಮೈಯಲ್ಲೇ ಉಳಿದು ವರ್ಷಗಳ ಮೇಲೆ ಹೃದಯಕ್ಕೋ ಮೆದುಳಿಗೋ ಏಟು ಕೊಡುತ್ತದೆ. ಶುರುವಿನಲ್ಲೇ ಸಿಕ್ಕರೆ ಪೆನ್ಸಿಲಿನ್ ಇಂಜೆಕ್ಷನ್ ಒಂದೇ ಸಲ ಕೊಟ್ಟರೆ ಸಾಕು. ಇಂಥ ಹುಣ್ಣಿದ್ದರೆ ಎಚ್‌ಐವಿಯೂ ಬೇಗ ತಗಲುತ್ತದೆ, ಅದನ್ನೂ ಪರೀಕ್ಷೆ ಮಾಡಿಸು ಅಂದರು. ಹುಡುಗನ ಹೆಂಡತಿ ಐದು ತಿಂಗಳ ಬಸುರಿ, ತವರಿನಲ್ಲಿದ್ದಾಳೆ. ಅವಳನ್ನೂ ಕರೆದುಕೊಂಡು ಬಾ, ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಮತ್ತೆ ಅಂಟಿಕೊಳ್ಳುತ್ತದೆ, ಹೊಟ್ಟೆಯ ಕೂಸಿಗೂ ಹೋಗುತ್ತದೆ, ಕೂಸು ಸತ್ತು ಹುಟ್ಟುವುದೂ ಉಂಟು ಅಂದರು. ಹುಡುಗ ಅಲ್ಲೇ ಅತ್ತುಬಿಟ್ಟ.

ಸರಿ, ಇಂಜೆಕ್ಷನ್ ಕೊಡಿ ಅಂದರೆ ‘ಸ್ಟಾಕ್ ಇಲ್ಲ, ಹೊರಗ ತಗೊಂಡ್ ಬರ್ರಿ.’ 1943ರಿಂದ ಈ ರೋಗಕ್ಕೆ ಕೊಡುತ್ತಿರುವ ಔಷಧಿ ಇದು. 80 ವರ್ಷವಾದರೂ ಇಲ್ಲಿಗೆ ಬಂದು ಮುಟ್ಟಿಲ್ಲ! ನಾಲ್ಕನೇ ಮೆಡಿಕಲ್ ಶಾಪಿನಲ್ಲಿ ಸಿಕ್ಕಿತು. ಚುಚ್ಚಲು ಖಾಸಗಿಯವರು ಒಪ್ಪಲಿಲ್ಲ. ರಿಯಾಕ್ಷನ್ ಆದರೆ ಯಾರು ಹೊಣೆ ಅಂದರು. ಮತ್ತೆ ಅದೇ ವರಾಂಡಕ್ಕೆ ಹೋದೆವು. ಬೀಗರ ಅನುಮಾನ ಗಟ್ಟಿಯಾಯಿತು.

ಸಂಪಾದಕರೇ, ನಿಮ್ಮದೂ ಒಂದು ಪಾಲಿದೆ. ಆ ವರದಿ ಬಂದ ದಿನವೇ ಒಳಪುಟದಲ್ಲಿ ‘ಗುಪ್ತರೋಗಕ್ಕೆ ಶಾಶ್ವತ ಪರಿಹಾರ, ಲಾಡ್ಜ್‌ನಲ್ಲಿ ಭೇಟಿ’ ಎಂಬ ಜಾಹೀರಾತಿತ್ತು. ಹುಡುಗ ಮೊದಲು ಅಲ್ಲಿಗೇ ಹೊರಟಿದ್ದ. ನಾನೇ ತಡೆದೆ. ಈಗ ಅನಿಸುತ್ತದೆ, ಅಲ್ಲಿ ಮಣ್ಣೋ ಬೂದಿಯೋ ಕೊಡುತ್ತಾರೆ, ನಿಜ. ಆದರೆ ಯಾರೂ ಕೂಗುವುದಿಲ್ಲ. ಬಾಗಿಲಿಗೆ ಪರದೆಯಾದರೂ ಇರುತ್ತದೆ.

ಆ ಕಾರ್ಯಕ್ರಮದಲ್ಲಿ ಅಧಿಕಾರಿಗಳು ರೋಗ ತಡೆಯುವ ಮಾತು ಬೇರೆ ಹೇಳಿದ್ದಾರೆ. ನಿರೋಧ್ ಬಳಸಿ ಅಂತ. ಬಳಸುತ್ತೇವೆ ಸಾಹೇಬರೇ, ಎಲ್ಲಿದೆ? ನಾನು ನೋಡಿದ ಪುಕ್ಕಟೆ ನಿರೋಧ್ ಪೆಟ್ಟಿಗೆಯಲ್ಲಿ ಗುಟ್ಕಾ ಚೀಟಿ ತುಂಬಿತ್ತು. ಡಿಸೆಂಬರ್ 1 ಬಂದರೆ ಶಾಲೆ ಮಕ್ಕಳನ್ನು ಬಿಸಿಲಲ್ಲಿ ನಡೆಸಿ ಏಡ್ಸ್ ಜಾಥಾ ಮಾಡುತ್ತಾರೆ. ಆ ಮಕ್ಕಳು ‘ಏಡ್ಸ್ ಅಂದ್ರೇನ್ರಿ ಸರ್’ ಅಂದರೆ ಮಾಸ್ತರರು ಆಕಾಶ ನೋಡುತ್ತಾರೆ.

ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟು ನವನಗರಕ್ಕೆ ಬಂದವರು ನಾವು. ನಿವೇಶನದ ಒಂದು ಕಾಗದಕ್ಕೆ ನಮ್ಮ ಅಪ್ಪ ಚಪ್ಪಲಿ ಸವೆಸಿದರು. ಆಗ ‘ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ’, ಈಗ ‘ಮೇಡಂ ಟ್ರೇನಿಂಗ್‌ನ್ಯಾಗ ಅದಾರ’. ನಮ್ಮ ಸೆಕ್ಟರಿನ ಮೂಲೆಯ ಬೀದಿದೀಪಕ್ಕೆ ಮೂರು ಅರ್ಜಿ ಕೊಟ್ಟೆ, ಅದೂ ಟ್ರೇನಿಂಗ್‌ಗೆ ಹೋಗಿರಬೇಕು.

ಸಂಬಂಧಪಟ್ಟವರು ಏನಾದರೂ ಮಾಡಲಿ. ಔಷಧಿ ಇಡಲಿ, ಬಾಗಿಲು ತೆರೆಯಲಿ, ಕೂಗುವವರಿಗೆ ಸ್ವಲ್ಪ ಮೆಲ್ಲಗೆ ಮಾತಾಡಲು ಕಲಿಸಲಿ. ಅದೂ ಆಗದಿದ್ದರೆ ಆ ಗೋಪ್ಯದ ಬೋರ್ಡನ್ನಾದರೂ ಕಿತ್ತು ಒಳಗಿಡಲಿ. ಬೀದಿದೀಪವನ್ನೂ ನೋಡಲಿ.

ಇಂತಿ,
ಒಬ್ಬ ಓದುಗ, ನವನಗರ, ಬಾಗಲಕೋಟೆ
(ದಯವಿಟ್ಟು ಹೆಸರು ಹಾಕಬೇಡಿ. ಬೀಗರ ಮನೆಗೂ ನಿಮ್ಮ ಪತ್ರಿಕೆಯೇ ಬರುತ್ತದೆ.)